ಎಮ್ಮೆಯ ಹೊಟ್ಟೆಯ ಮೇಲೊಂದು ಹಲಗೆ

ಕೋಡಿಬಾಗದ ನಮ್ಮ ಮನೆಯ ಹಿತ್ತಿಲಲ್ಲಿ, ಆಯಿ, ಅಂದರೆ ನನ್ನ ಅಮ್ಮ, ಮೀನು ಒಣಗಿಸುವ ಜಾಗದ ಸುತ್ತ ಈಗ ಏಳು ಕೈಗಳಿವೆ. ನಿನ್ನೆ ಎಣಿಸಿ ಡೈರಿಯಲ್ಲಿ ಬರೆದುಕೊಂಡೆ. ಹೆದರಬೇಡಿ, ಪ್ಲಾಸ್ಟಿಕ್ ಕೈಗಳು. ದನ-ಎಮ್ಮೆಗಳ ಗರ್ಭ ಪರೀಕ್ಷೆ ಮಾಡುವಾಗ ನಾವು ಪಶುವೈದ್ಯರು ಭುಜದವರೆಗೆ ಏರಿಸಿಕೊಳ್ಳುವ ತೆಳು ಗವಸುಗಳು. ಒಮ್ಮೆ ಬಳಸಿ ಎಸೆಯಬೇಕು ಅಂತ ಪೊಟ್ಟಣದ ಮೇಲೆ ಬರೆದಿರುತ್ತದೆ. ಆಯಿಗೆ ಒಮ್ಮೆ ಬಳಸಿ ಎಸೆಯುವ ವಸ್ತು ಅಂತ ಒಂದು ಇದೆ ಎನ್ನುವುದೇ ಒಪ್ಪಿಗೆಯಿಲ್ಲ. ತರಬೇತಿಯ ವರ್ಷ ನಾನು ತಂದಿಟ್ಟಿದ್ದ ಹಳೆಯ ಪೊಟ್ಟಣವೊಂದನ್ನು ಹುಡುಕಿ ತೆಗೆದು, ಒಂದೊಂದನ್ನೂ ಬಿದಿರು ಕೋಲಿನ ತುದಿಗೆ ಕಟ್ಟಿ ನಿಲ್ಲಿಸಿದ್ದಾಳೆ. ಕಾಳಿ ನದಿಯ ಕಡೆಯಿಂದ ಗಾಳಿ ಎದ್ದರೆ ಅವು ಉಬ್ಬುತ್ತವೆ, ಐದೂ ಬೆರಳು ಬಿಚ್ಚಿ ಆಡುತ್ತವೆ, ಕಾಗೆಗಳು ಅತ್ತ ಸುಳಿಯುವುದಿಲ್ಲ.

ಕಾಗೆ ಸುಳಿಯುವುದಿಲ್ಲ ಅಂತ ಸುಮ್ಮನೆ ಹೇಳುತ್ತಿಲ್ಲ. ಒಂದು ಭಾನುವಾರ ಗವಸು ಬಿಚ್ಚಿಟ್ಟು ಅರ್ಧ ಗಂಟೆ, ಕಟ್ಟಿ ಅರ್ಧ ಗಂಟೆ ಕೂತು ಎಣಿಸಿದ್ದೇನೆ. ಮೊದಲಿನ ಅರ್ಧ ಗಂಟೆಯಲ್ಲಿ ಇಪ್ಪತ್ತಾರು ಕಾಗೆ, ಎರಡನೆಯದರಲ್ಲಿ ಮೂರು. ಆ ಮೂರರಲ್ಲಿ ಒಂದು ಎರಡು ಸಲ ಬಂದಿರಬಹುದು, ಆ ಅನುಮಾನವನ್ನೂ ಪಕ್ಕದಲ್ಲಿ ಬರೆದಿದ್ದೇನೆ. ಮೊದಲಿನ ಅರ್ಧ ಗಂಟೆಯಲ್ಲಿ ಹೋದ ಮೀನಿನ ವಿಷಯಕ್ಕೆ ಆಯಿ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಅದೂ ಬರೆದಿದೆ.

ನನಗೆ ಈ ಎಣಿಸುವ ಚಟ ಹತ್ತಿದ್ದು ನಾಲ್ಕನೇ ತರಗತಿಯಲ್ಲಿ. ಅಂಟಿಸಿದವಳು ಅಜ್ಜಿ, ಆಯಿಯ ತಾಯಿ. ಅಜ್ಜಿಯ ಊರು ತೋಡೂರು. ನೌಕಾನೆಲೆಗೆ ಜಾಗ ಬಿಟ್ಟು ಪುನರ್ವಸತಿ ಕಾಲನಿಗೆ ಬಂದಾಗ ಅಜ್ಜಿಯ ಜೊತೆ ಪಾತ್ರೆ ಬಂದವು, ತುಳಸಿಕಟ್ಟೆಯ ಕಲ್ಲು ಬಂತು, ಮೂರು ಎಮ್ಮೆ ಮಾತ್ರ ಬರಲಿಲ್ಲ. ಕಾಲನಿಯ ಅಂಗಳದಲ್ಲಿ ಎಮ್ಮೆ ಮಲಗಿದರೆ ಮನುಷ್ಯರು ರಸ್ತೆಯಲ್ಲಿ ನಿಲ್ಲಬೇಕಿತ್ತು. ಎರಡನ್ನು ಯಾರಿಗೋ ಕೊಟ್ಟರು. ಮೂರನೆಯದನ್ನು, ದೊಡ್ಡ ಕೆಂಪಿಯನ್ನು, ಅಂಕೋಲೆ ಹತ್ತಿರದ ಹಾರವಾಡಕ್ಕೆ ಮದುವೆಯಾಗಿ ಹೋಗಿದ್ದ ಚಿಕ್ಕ ಮಗಳ ಮನೆಗೆ ಹೊಡೆದುಕೊಂಡು ಹೋದರು. ಆ ಚಿಕ್ಕ ಮಗಳು ನನ್ನ ಸಾವಿತ್ರಿ ಮಾವಶಿ. ಅಜ್ಜಿ ಮಧ್ಯಾಹ್ನ ಕಾಲು ಚಾಚಿ ಕೂತು ದೊಡ್ಡ ಕೆಂಪಿಯ ಸಂತಾನ ಹೇಳುತ್ತಿದ್ದಳು. ಅದರ ಮಗಳು ಬೋಳಿ, ಬೋಳಿಯ ಮಗಳು ಚುಕ್ಕಿ. ನಾನು ನಾಲ್ಕು ಗೆರೆಯ ಕಾಪಿ ಪುಸ್ತಕದಲ್ಲಿ ಎಲ್ಲ ಬರೆದುಕೊಂಡೆ. ಶಾಲೆಯಲ್ಲಿ ವಂಶವೃಕ್ಷ ಬರೆದು ತನ್ನಿ ಅಂದಾಗ ಅದನ್ನೇ ಒಯ್ದೆ. ಟೀಚರು ಬೋಳಿ ಯಾರು, ನಿನ್ನ ಅತ್ತೆಯಾ ಅಂತ ಕೇಳಿದರು.

ಮೀನುಗಾರರ ಮನೆಯ ಹುಡುಗಿ ದನದ ಡಾಕ್ಟರಾಗಲು ಯಾಕೆ ಹೊರಟಳು ಅಂತ ಕೇಳುವವರಿಗೆ ಹೇಳಲು ನನ್ನ ಬಳಿ ದೊಡ್ಡ ಕಾರಣವಿಲ್ಲ. ಒಂದು ಸಣ್ಣ ಘಟನೆ ಇದೆ. ಒಂಬತ್ತನೇ ವಯಸ್ಸಿನಲ್ಲಿ ಬೇಸಿಗೆ ರಜೆಗೆ ಹಾರವಾಡಕ್ಕೆ ಹೋಗಿದ್ದೆ. ಡಾಕ್ಟರೊಬ್ಬರು ಬೈಕಿನಲ್ಲಿ ಬಂದರು. ಬಿಸಿನೀರು ಕೇಳಿದರು, ಸೋಪು ಕೇಳಿದರು, ಅಂಗಿ ಕಳಚಿ ಮಾವಶಿಯ ಕೈಗೆ ಕೊಟ್ಟು, ತೋಳನ್ನು ಚುಕ್ಕಿಯ ಒಳಗೆ ಭುಜದವರೆಗೆ ತೂರಿಸಿ ಕಣ್ಣು ಮುಚ್ಚಿಕೊಂಡರು. ಸ್ವಲ್ಪ ಹೊತ್ತು ಯಾರದೋ ಮಾತು ಕೇಳುವವರ ಹಾಗೆ ನಿಂತಿದ್ದು, "ನಾಲ್ಕು ತಿಂಗಳು. ದಸರಾ ಮುಗಿದ ಮೇಲೆ ಹಾಕ್ತದೆ" ಅಂದರು. ಅಷ್ಟೇ. ಕ್ಯಾಲೆಂಡರು ನೋಡಲಿಲ್ಲ. ನಾನು ಬೆರಗಾದೆ. ಆ ದಿನದಿಂದ ಗೋಡೆಯ ಮೇಲೆ ಗೆರೆ ಎಳೆಯುತ್ತ ಹೋದೆ. ದಸರಾ ಮುಗಿದು ಐದನೇ ದಿನ ಚುಕ್ಕಿ ಕರು ಹಾಕಿತು ಅಂತ ಫೋನು ಬಂತು. ಕಣ್ಣು ಮುಚ್ಚಿಕೊಂಡು ತಾರೀಖು ಓದುವ ಕೆಲಸ ಇದೆ ಅಂತಾದರೆ ಬೇರೆ ಕೆಲಸ ಯಾಕೆ ಹುಡುಕಬೇಕು?

ಓದಿ ಮುಗಿಸುವ ಹೊತ್ತಿಗೆ ತಿಳಿದದ್ದೇನೆಂದರೆ ತಾರೀಖು ಓದಲು ಕಣ್ಣು ಮುಚ್ಚಿದರೆ ಸಾಲದು, ತೋಳು ಉದ್ದ ಇರಬೇಕು. ನನ್ನ ತೋಳು ಐವತ್ತೆಂಟು ಸೆಂಟಿಮೀಟರು. ತೂಕ ನಲವತ್ತೇಳು ಕಿಲೋ. ಕಾಲೇಜಿನಲ್ಲಿ ನನ್ನ ಪಕ್ಕ ನಿಲ್ಲುತ್ತಿದ್ದ ಹಾವೇರಿಯ ಗೆಳತಿಯ ತೋಳು ಅರವತ್ತೇಳು. ಈ ಒಂಬತ್ತು ಸೆಂಟಿಮೀಟರಿನಲ್ಲಿ ಎಷ್ಟು ಎಮ್ಮೆಗಳ ಗುಟ್ಟು ಉಳಿದುಹೋಯಿತೋ! ತರಬೇತಿ ಮುಗಿದ ದಿನ ಲೆಕ್ಕ ಹಾಕಿದರೆ ನೂರಾ ನಲವತ್ಮೂರು ಜಾನುವಾರು ನೋಡಿದ್ದೆ, ಗರ್ಭ ಸರಿಯಾಗಿ ಹೇಳಿದ್ದು ತೊಂಬತ್ತೇಳರಲ್ಲಿ. ಒದೆ ತಿಂದದ್ದು ಹನ್ನೊಂದು ಸಲ. ಅದರಲ್ಲಿ ಎರಡು ಒದೆ ಪಕ್ಕದ ದನದ್ದು, ನನ್ನ ರೋಗಿಯದಲ್ಲ.

ಈ ಅಕ್ಟೋಬರ್ ತಿಂಗಳಲ್ಲಿ ನನ್ನ ಮುಂದೆ ಎರಡು ಕೆಲಸಗಳಿದ್ದವು. ಗೋವಾದ ಮಡಗಾಂವಿನ ಒಂದು ನಾಯಿ-ಬೆಕ್ಕಿನ ಕ್ಲಿನಿಕ್ಕಿನವರು ಬಾ ಅಂದಿದ್ದರು. ಹದಿನೇಳನೇ ತಾರೀಖು, ಶುಕ್ರವಾರದೊಳಗೆ ಉತ್ತರ ಕೊಡಬೇಕಿತ್ತು. ಇನ್ನೊಂದು ಅಂಕೋಲೆಯಲ್ಲಿ, ದನ-ಎಮ್ಮೆ ನೋಡುವ ಗುತ್ತಿಗೆಯ ಕೆಲಸ. ಅಲ್ಲಿನ ಹಿರಿಯ ಡಾಕ್ಟರ ಕೈಕೆಳಗೆ ಎರಡು ತಿಂಗಳಿಂದ ಕಲಿಯುತ್ತಲೂ ಇದ್ದೆ. ನಾನು ಡೈರಿಯ ಒಂದು ಪುಟದ ನಡುವೆ ಗೆರೆ ಎಳೆದು ಎರಡೂ ಕಡೆ ಕಾರಣ ಬರೆದೆ. ಸಣ್ಣ ಪ್ರಾಣಿಯ ಕಡೆ ಹದಿನಾಲ್ಕು ಕಾರಣ ಬಂದವು. ದೊಡ್ಡ ಪ್ರಾಣಿಯ ಕಡೆ ಒಂಬತ್ತು, ಅದರಲ್ಲಿ ಒಂದು "ಎಮ್ಮೆಗೆ ಯಾರೂ ಸ್ವೆಟರ್ ಹಾಕುವುದಿಲ್ಲ" ಎಂಬುದು. ಅದನ್ನು ಕಾರಣವೆಂದು ಹಿಡಿಯಬೇಕೋ ಬೇಡವೋ ಅಂತ ತುಂಬ ಹೊತ್ತು ಯೋಚಿಸಿದೆ.

ಆಯಿಗೆ ಗೆರೆ, ಕಾರಣ ಯಾವುದೂ ಬೇಕಿರಲಿಲ್ಲ. ಬೆಳಿಗ್ಗೆ ಮಾರುಕಟ್ಟೆಗೆ ಹೋಗುವ ಮುಂಚೆ ಮೀನಿನ ಬುಟ್ಟಿ ಕಟ್ಟುತ್ತ ತೀರ್ಪು ಕೊಟ್ಟಳು.

"ನಾಯಿ ಆದ್ರೆ ಮೇಜಿನ ಮೇಲೆ ನಿಲ್ತದೆ, ನೀ ನಿಂತಲ್ಲೇ ನೋಡೂಕೆ ಆಗ್ತದೆ. ಎಮ್ಮೆ ಆದ್ರೆ ನೀನೇ ಅದ್ರ ಹಿಂದೆ ನಿಲ್ಲಬೇಕು. ಎಮ್ಮೆ ಹಿಂದೆ ನಿಲ್ಲೂಕೆ ಐದು ವರ್ಷ ಓದೂದು ಬೇಕಾಗಿತ್ತಾ ಗೋ?"

"ಐದೂವರೆ ವರ್ಷ ಆಯೀ."

"ಹಾಂ, ಅದೊಂದು ಬರ್ಕೋ."

ಅವಳ ಮಾತು ತಮಾಷೆಯಾಗಿದ್ದರೂ ಅದರ ಹಿಂದೆ ಹೆದರಿಕೆ ಇತ್ತು. ನನಗೂ ಇತ್ತು. ನನ್ನ ಈ ಮೈ, ಈ ತೋಳು ಹಿಡಿದುಕೊಂಡು ಆ ಕೆಲಸ ಆಗುತ್ತದೆಯೇ? ಆಗದೆ ಹೋದರೆ ಕಷ್ಟ ನನಗೊಬ್ಬಳಿಗೇ ಅಲ್ಲ. ಯಾರದೋ ಕೊಟ್ಟಿಗೆಯಲ್ಲಿ ಒಂದು ಜೀವ ನನ್ನ ಗಿಡ್ಡ ತೋಳನ್ನು ನಂಬಿ ನಿಂತಿರುತ್ತದೆ. ಹದಿನಾಲ್ಕನೇ ತಾರೀಖು, ಮಂಗಳವಾರ ಬೆಳಿಗ್ಗೆ ನಾನು ಮಡಗಾಂವಿಗೆ ಒಪ್ಪಿಗೆಯ ಪತ್ರ ಬರೆಯಲು ಕೂತೆ. ಏಳು ನಲವತ್ತಕ್ಕೆ ಸಾವಿತ್ರಿ ಮಾವಶಿಯ ಫೋನು.

"ಕೆಂಪಿ ನಿನ್ನೆಯಿಂದ ಕರು ಹಾಕೂಕೆ ತಿಣುಕುತ್ತಾ ಅದೆ. ನೀರಚೀಲ ಬರಲಿಲ್ಲ. ಒಂದ್ಸಲ ಬಂದು ನೋಡೇ."

ಈ ಕೆಂಪಿ ಚುಕ್ಕಿಯ ಮೊಮ್ಮಗಳು. ಅಜ್ಜಿಯ ಕೊಟ್ಟಿಗೆಯ ಸಂತಾನದಲ್ಲಿ ಈಗ ಉಳಿದಿರುವುದು ಇದೊಂದೇ. ನನ್ನ ಕಾಪಿ ಪುಸ್ತಕದ ವಂಶವೃಕ್ಷದಲ್ಲಿ ಕೊನೆಯ ಹೆಸರು.

ಸ್ಕೂಟರು ಹತ್ತಿ ಹೊರಟೆ. ಚೆಂಡಿಯಾ, ತೋಡೂರು ದಾಟುವಾಗ ಎಡಬಲ ನೋಡಲಿಲ್ಲ. ಹಿರಿಯ ಡಾಕ್ಟರಿಗೆ ಮೂರು ಸಲ ಫೋನು ಮಾಡಿದೆ. ಅವರು ಅಂದು ಘಟ್ಟದ ಕೆಳಗಿನ ಕಾಡೂರಿನಲ್ಲಿ ಲಸಿಕೆ ಹಾಕಲು ಹೋಗಿದ್ದರು, ಅಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಎಂಟು ಮೂವತ್ತೈದಕ್ಕೆ ಹಾರವಾಡ ತಲುಪಿದೆ. ಮಾವಶಿಯ ಕೊಟ್ಟಿಗೆ ಸಮುದ್ರ ದಂಡೆಯಿಂದ ನೂರು ಹೆಜ್ಜೆ. ಕೆಂಪಿ ಬಾಲ ಎತ್ತಿ ನಿಂತಿತ್ತು, ಹೊಟ್ಟೆಗೆ ಹಿಂಗಾಲಿನಿಂದ ಒದ್ದುಕೊಳ್ಳುತ್ತಿತ್ತು. ಗವಸು ಹಾಕಿ ಕೈ ತೂರಿಸಿದೆ. ಮಣಿಕಟ್ಟು ದಾಟುತ್ತಲೇ ದಾರಿ ಬಿಗಿಯಾಯಿತು. ಒದ್ದೆ ಟವೆಲ್ಲನ್ನು ಹಿಂಡಿದಾಗ ಸುರುಳಿ ಬೀಳುತ್ತದಲ್ಲ, ಹಾಗೆ ಒಳಗೋಡೆ ಬಲಕ್ಕೆ ತಿರುಚಿಕೊಂಡಿತ್ತು. ಗರ್ಭಚೀಲವೇ ಮಗುಚಿತ್ತು. ಆ ಸುರುಳಿಯ ಸಂದಿನಿಂದ ಎರಡು ಬೆರಳು ಮುಂದೆ ದೂಡಿದೆ. ಒಂದು ಪುಟ್ಟ ಗೊರಸು ತಾಗಿತು. ಚಿವುಟಿದೆ. ಅದು ಕಾಲು ಎಳೆದುಕೊಂಡಿತು.

"ಕರುವಿಗೆ ಜೀವ ಅದೆ ಮಾವಶೀ. ಆದರೆ ಚೀಲ ತಿರುಚಿದೆ. ಕೆಂಪಿಯನ್ನು ನೆಲಕ್ಕೆ ಮಲಗಿಸಿ ಉರುಳಿಸಬೇಕು. ಮಧ್ಯಾಹ್ನದೊಳಗೆ ಸರಿಯಾಗಲಿಲ್ಲ ಅಂದ್ರೆ ಎರಡೂ ಹೋಗ್ತವೆ."

"ಉರುಳಿಸೂದಾ? ಐನೂರು ಕಿಲೋ ಅದೆ ಅದು! ನನ್ನ ಒಂದು ಕೈ ಹಿಡಿದು ಎತ್ತೂಕೆ ಆಗ್ತದಾ ನಿಂಗೆ?"

"ಹತ್ತು ಜನ ಬೇಕು."

ಮಾವಶಿ ಸೀರೆ ಎತ್ತಿ ಕಟ್ಟಿ ದಂಡೆಗೆ ಓಡಿದಳು. ಅಲ್ಲಿ ರಂಪಣಿ ಎಳೆಯುತ್ತಿದ್ದರು. ದಂಡೆಯಿಂದ ಸಮುದ್ರಕ್ಕೆ ಅರ್ಧ ಚಂದ್ರದ ಹಾಗೆ ಬಲೆ ಬಿಟ್ಟು, ಎರಡೂ ತುದಿಯ ಹಗ್ಗವನ್ನು ಎರಡು ಸಾಲು ಜನ ನಿಧಾನಕ್ಕೆ ದಡಕ್ಕೆ ಎಳೆಯುವ ಬಲೆ ಅದು. ಗುಂಪಿನ ಮುಖ್ಯಸ್ಥ ಹೊನ್ನಪ್ಪ ತಾಂಡೇಲ, ಮಾವಶಿಯ ಗಂಡನ ಅಣ್ಣ. ನನಗೆ ಹೊನ್ನಪ್ಪ ಮಾಮ. ಅವರು ಹಗ್ಗಗಳನ್ನು ತೆಂಗಿನ ಬುಡಕ್ಕೆ ಬಿಗಿದು, ಬಲೆಯನ್ನು ನೀರಲ್ಲೇ ಬಿಟ್ಟು, ಎಲ್ಲರನ್ನೂ ಕರೆದುಕೊಂಡು ಬಂದರು. ಇಪ್ಪತ್ತೊಂದು ಜನ.

"ಹೇಳೇ ಡಾಕ್ಟರಬಾಯಿ," ಅಂದರು, "ಎಲ್ಲಿ ಎಳೀಬೇಕು?"

ಕೆಂಪಿಯನ್ನು ಬಲಮಗ್ಗುಲಿಗೆ ಮಲಗಿಸಿದೆವು. ಮುಂಗಾಲೆರಡಕ್ಕೆ ಒಂದು ಹಗ್ಗ, ಹಿಂಗಾಲೆರಡಕ್ಕೆ ಒಂದು. ನಾನು ಪುಸ್ತಕದಲ್ಲಿ ಓದಿದ್ದನ್ನು ಹೇಳಿದೆ: ಒಮ್ಮೆಲೇ, ಝಟ್ಟನೆ ಬೆನ್ನ ಮೇಲಿಂದ ಆಚೆ ಮಗ್ಗುಲಿಗೆ ಉರುಳಿಸಬೇಕು. ಮೈ ಬೇಗ ತಿರುಗಿದರೆ ಒಳಗಿನ ಚೀಲ ಹಿಂದೆ ಉಳಿಯುತ್ತದೆ, ತಿರುಚು ಬಿಚ್ಚುತ್ತದೆ.

"ತಿಳೀತು," ಅಂದರು ಇಪ್ಪತ್ತೊಂದು ಜನ. ಹಗ್ಗ ಹಿಡಿದರು. "ಹೈಸಾ" ಅಂದರು. ಮತ್ತು ನಿಧಾನಕ್ಕೆ, ಉಸಿರು ಹಿಡಿದು, ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತ, ಕೆಂಪಿಯನ್ನು ತೊಟ್ಟಿಲು ತೂಗುವ ಹಾಗೆ ಮಗುಚಿದರು. ಕೈ ಹಾಕಿ ನೋಡಿದೆ. ಸುರುಳಿ ಹಾಗೇ ಇತ್ತು. ಮೈಯ ಜೊತೆಗೆ ಚೀಲವೂ ಸಾವಧಾನವಾಗಿ ತಿರುಗಿತ್ತು.

"ಜೋರಾಗಿ ಮಾಮಾ! ಝಟ್ಟನೆ!"

ಮತ್ತೆ ಮೊದಲಿನ ಮಗ್ಗುಲಿಗೆ ತಂದು, ಮತ್ತೆ ಎಳೆದರು. ಮತ್ತೆ ನಿಧಾನ. ಮೂರನೇ ಸಲವೂ ಅಷ್ಟೇ. ನನ್ನ ತೋಳು ಆ ಬಿಗಿಯಲ್ಲಿ ಸಿಕ್ಕಿ ಮರಗಟ್ಟಿತ್ತು. ಒಂಬತ್ತು ಐವತ್ತು. ನಾನು ರೇಗಿದೆ.

"ಎಷ್ಟು ಸಲ ಹೇಳ್ಬೇಕು? ಒಮ್ಮೆಲೇ ಅಂದ್ರೆ ಒಮ್ಮೆಲೇ!"

ಗುಂಪಿನಲ್ಲಿ ಒಬ್ಬ, "ಇವ್ಳು ಸಾವಿತ್ರಕ್ಕನ ಅಕ್ಕನ ಮಗಳೇ ಹೌದು, ದನಿ ಕೇಳಿದ್ರೆ ಗೊತ್ತಾಗ್ತದೆ" ಅಂದ. ಉಳಿದವರು ನಕ್ಕರು. ಹೊನ್ನಪ್ಪ ಮಾಮ ನಗಲಿಲ್ಲ. ತಮ್ಮ ಕೈ ನೋಡಿಕೊಂಡರು.

"ನಾವು ಬೇಕು ಹೇಳಿ ಮಾಡೂದಲ್ಲ ತಂಗೀ. ಬಲೆ ಝಟ್ಟನೆ ಜಗ್ಗಿದ್ರೆ ಹರೀತದೆ. ಹಗ್ಗ ಕೈಯಲ್ಲಿ ಬಂತು ಅಂದ್ರೆ ಈ ಕೈ ನಮ್ಮ ಮಾತು ಕೇಳೂದಿಲ್ಲ. ಜಗ್ಗು ಹೇಳಿದ್ರೂ ಜಗ್ಗೂದಿಲ್ಲ."

ನಾನು ಸಗಣಿ ನೆಲದ ಮೇಲೆ ಕೂತುಬಿಟ್ಟೆ. ಕೆಂಪಿ ಕಣ್ಣು ತೇಲಿಸುತ್ತಿತ್ತು. ಮಾವಶಿ ಅದರ ಕೊಂಬಿನ ಬುಡ ಉಜ್ಜುತ್ತ ನನ್ನನ್ನೇ ನೋಡುತ್ತಿದ್ದಳು. ಈ ಇಪ್ಪತ್ತೊಂದು ಜನಕ್ಕೆ ಹತ್ತು ನಿಮಿಷದಲ್ಲಿ ಹೊಸ ಕೈ ಕಲಿಸುವುದು ಹೇಗೆ? ಆಗ ತರಗತಿಯಲ್ಲಿ ಕೇಳಿ ಬಿಟ್ಟ ಇನ್ನೊಂದು ವಿಧಾನ ನೆನಪಾಯಿತು. ಹೊಟ್ಟೆಯ ಮೇಲೆ ಉದ್ದದ ಹಲಗೆ ಇಟ್ಟು ಅದರ ಮೇಲೆ ಒಬ್ಬರು ನಿಂತರೆ, ಚೀಲ ಹಲಗೆಯ ಅಡಿ ಒತ್ತಿ ನಿಲ್ಲುತ್ತದೆ. ಆಗ ಮೈಯನ್ನು ನಿಧಾನಕ್ಕೇ ಉರುಳಿಸಬೇಕು. ಅದನ್ನು ಪಾಠ ಮಾಡಿದ ದಿನ ನಾನು ಟಿಪ್ಪಣಿಯ ಪಕ್ಕ ಬರೆದಿದ್ದೆ: ಕೊಟ್ಟಿಗೆಯಲ್ಲಿ ಹತ್ತಡಿ ಹಲಗೆ ಯಾರು ಇಟ್ಟಿರುತ್ತಾರೆ?

"ಮಾಮಾ, ದೋಣಿ ನೀರಿಗೆ ದೂಡುವಾಗ ಅಡಿಗೆ ಹಾಕ್ತೀರಲ್ಲ, ಆ ಹಲಗೆ ಎಲ್ಲದೆ?"

ಇಬ್ಬರು ಓಡಿ ತಂದರು. ಹನ್ನೊಂದಡಿ ಉದ್ದದ ಹಲಗೆ. ದೋಣಿ ಜಾರಲೆಂದು ವರ್ಷಗಟ್ಟಲೆ ಮೀನೆಣ್ಣೆ ಬಳಿದು ಕನ್ನಡಿಯಾಗಿತ್ತು. ಒಂದು ತುದಿ ನೆಲಕ್ಕೆ ಊರಿ, ಇನ್ನೊಂದನ್ನು ಕೆಂಪಿಯ ಪಕ್ಕೆಯ ಮೇಲೆ ಇಟ್ಟೆವು. ಹತ್ತಿದ ಮೊದಲನೆಯವನು ನಿಂತಷ್ಟೇ ಬೇಗ ಜಾರಿ ಬುಟ್ಟಿಯ ಮೇಲೆ ಬಿದ್ದ. ಮರಳು ಎರಚಿ, ಗೋಣಿಚೀಲ ಹಾಸಿದೆವು. ಯಾರು ನಿಲ್ಲಬೇಕು ಅಂತ ಚರ್ಚೆ ಎದ್ದಿತು. ಬಹಳ ಭಾರವೂ ಆಗಬಾರದು, ಹಗುರವೂ ಆಗಬಾರದು.

"ನಾ ನಿಲ್ತೆ," ಅಂದಳು ಮಾವಶಿ. "ನನ್ನ ಎಮ್ಮೆ. ಬೇರೆಯವ್ರು ತುಳಿಯೂದು ಬೇಡ."

ಎರಡೂ ಕಡೆ ಇಬ್ಬರ ಹೆಗಲು ಹಿಡಿದು ಹತ್ತಿದಳು. "ತಪ್ಪಾಯ್ತೇ ಕೆಂಪೀ," ಅನ್ನುತ್ತಲೇ ನಿಂತಳು. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಬಾಯಿ ಸುಮ್ಮನಿರಲಿಲ್ಲ, ಹಗ್ಗ ಹಿಡಿದವರಿಗೆಲ್ಲ ಬೈಗುಳ ಹಂಚುತ್ತಿತ್ತು. ನಾನು ಹೇಳಿದೆ, "ಈಗ ನಿಮ್ಮ ಹಾಗೇ ಎಳೀರಿ. ಬಲೆ ಎಳೆದ ಹಾಗೆ."

ಆ ಎಳೆತ ಈಗಲೂ ಕಣ್ಣ ಮುಂದಿದೆ. ಇಪ್ಪತ್ತೊಂದು ಬೆನ್ನುಗಳು ಒಟ್ಟಿಗೆ ಹಿಂದೆ ವಾಲಿದವು. ಒಂದು ಕಾಲು ಹಿಂದೆ, ಉಸಿರು, ಇನ್ನೊಂದು ಕಾಲು ಹಿಂದೆ. ಯಾರೂ ಮುಂದಾಗಲಿಲ್ಲ, ಯಾರೂ ಹಿಂದುಳಿಯಲಿಲ್ಲ. ಕೆಂಪಿಯ ನಾಲ್ಕು ಕಾಲು ಆಕಾಶಕ್ಕೆ ಎದ್ದು, ಅಲ್ಲೇ ಅರೆಗಳಿಗೆ ನಿಂತು, ಆಚೆಗೆ ಇಳಿದವು. ಮಾವಶಿ ಹಲಗೆಯಿಂದ ನೆಲಕ್ಕೆ ಬಂದಳು. ಕೈ ಹಾಕಿದೆ. ಸುರುಳಿ ಸಡಿಲವಾಗಿತ್ತು, ಆದರೆ ಇತ್ತು. ಮತ್ತೊಮ್ಮೆ ಎಂದೆ. ಎರಡನೇ ಸಲ ಉರುಳಿಸಿ ಕೈ ಹಾಕಿದಾಗ ನನ್ನ ತೋಳು ಒಮ್ಮೆಗೇ ಭುಜದವರೆಗೆ ಹೋಯಿತು. ಒಳಗೆ ದಾರಿ ಅಗಲವಾಗಿ, ನೇರವಾಗಿ ತೆರೆದಿತ್ತು. ನೀರು ನನ್ನ ಎದೆಯ ಮೇಲೆ ಸುರಿಯಿತು. ಕರುವಿನ ಎರಡೂ ಮುಂಗಾಲು ಕೈಗೆ ಬಂದವು, ಅವುಗಳ ಮೇಲೆ ಮೂಗು. ಕಾಲಿಗೆ ಹಗ್ಗ ಕಟ್ಟಿ ಇಬ್ಬರಿಗೆ ಕೊಟ್ಟೆ. ಕರು ಎಳೆಯುವಾಗ ಜಗ್ಗಲೇಬಾರದು ಎಂದು ಅವರಿಗೆ ಹೇಳಬೇಕಾಗಲಿಲ್ಲ.

ಹನ್ನೊಂದು ಇಪ್ಪತ್ತಕ್ಕೆ ಹೆಣ್ಣುಕರು ಹುಟ್ಟಿತು. ಹುಟ್ಟಿ ಸೀನಿತು.

ಹೊನ್ನಪ್ಪ ಮಾಮನ ಗುಂಪು ದಂಡೆಗೆ ವಾಪಸಾದಾಗ ಬಲೆ ಒಂದು ಕಡೆ ಸಡಿಲಾಗಿ ಮೀನು ಬಹಳಷ್ಟು ಹೊರಟುಹೋಗಿತ್ತು. ಬಂದದ್ದು ಎರಡು ಬುಟ್ಟಿ ಬಂಗಡೆ. "ಉಳಿದದ್ದು ಕೆಂಪಿಯ ಬಾಣಂತನಕ್ಕೆ ಹೋಯ್ತು," ಅಂದ ಒಬ್ಬ.

ಮನೆಗೆ ಬಂದು ಡೈರಿ ತೆಗೆದೆ. ಬಲಗೈಯಲ್ಲಿ ಪೆನ್ನು ನಿಲ್ಲಲಿಲ್ಲ, ಎಡಗೈಯಲ್ಲಿ ಬರೆದೆ. 'ಇವತ್ತು ನಾನು' ಅಂತ ಶುರು ಮಾಡಿ ನಿಲ್ಲಿಸಿದೆ. ನಾನು ಏನು ಮಾಡಿದ್ದೆ? ಮೂರು ಸಲ ತಪ್ಪು ವಿಧಾನ ಹಿಡಿದು, ಕಷ್ಟಪಡುವವರಿಗೆ ಗದರಿದ್ದೆ. ಅಲ್ಲಿ ರಂಪಣಿ ಇಲ್ಲದಿದ್ದರೆ? ಹಲಗೆ ಇಲ್ಲದಿದ್ದರೆ? ಹಿರಿಯ ಡಾಕ್ಟರು ಸಂಜೆ ಫೋನಿಗೆ ಸಿಕ್ಕಾಗ ಅದನ್ನೇ ಕೇಳಿದೆ. "ಜನ ಇಲ್ಲದ ಕೊಟ್ಟಿಗೆಯಲ್ಲಿ ನನ್ನ ಕೈಯಲ್ಲೂ ಆಗ್ತಿರ್ಲಿಲ್ಲಮ್ಮ," ಅಂದರು. ಅವರು ಸಮಾಧಾನಕ್ಕೆ ಹೇಳಿದರೋ ನಿಜವೋ ತಿಳಿಯಲಿಲ್ಲ. ಮಡಗಾಂವಿನ ಪತ್ರ ಅರ್ಧ ಬರೆದದ್ದು ಹಾಗೇ ಇತ್ತು. ಹರಿಯಲಿಲ್ಲ, ಮುಗಿಸಲೂ ಇಲ್ಲ.

ಮರುದಿನ ಕರು ನೋಡಲು ಹೋದೆ. ಹೊಟ್ಟೆ ತುಂಬ ಕುಡಿದಿತ್ತು, ಕಾಲು ಇನ್ನೂ ತನ್ನದಲ್ಲವೆಂಬಂತೆ ಎತ್ತಿ ಇಡುತ್ತಿತ್ತು. ಕೆಂಪಿ ಮೇವು ತಿನ್ನುತ್ತಿತ್ತು. ಅಂಗಳದಲ್ಲಿ ಇಡೀ ರಂಪಣಿ ಗುಂಪು ಕೂತಿತ್ತು. ಕರು ಕುಡಿದು ಮಿಕ್ಕ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಮಾವಶಿ ದೊಡ್ಡ ತಟ್ಟೆಯಲ್ಲಿ ಗಿಣ್ಣು ಬೇಯಿಸಿದ್ದಳು. ಹೊನ್ನಪ್ಪ ಮಾಮ ಅದನ್ನು ಚಾಕುವಿನಿಂದ ಮೀನಿನ ಪಾಲು ಮಾಡುವ ಹಾಗೇ ಕೊಯ್ದು, ಬಾಳೆಲೆಯ ತುಂಡುಗಳ ಮೇಲೆ ಇಡುತ್ತಿದ್ದರು. ಎಳೆದ ಇಪ್ಪತ್ತೊಂದು ಜನಕ್ಕೆ ಇಪ್ಪತ್ತೊಂದು. ದೋಣಿಗೆ ಯಾವಾಗಲೂ ಒಂದು ಪಾಲು ಇರುತ್ತದೆ, ಇವತ್ತು ಅದು ಹಲಗೆಗೆ. ಹಲಗೆಯ ಯಜಮಾನ ಗಂಭೀರವಾಗಿ ಎದ್ದು ಬಂದು ತನ್ನ ಹಲಗೆಯ ಪರವಾಗಿ ತೆಗೆದುಕೊಂಡ. ಮೇಲೆ ನಿಂತವಳಿಗೆ ಒಂದು ಅಂತ ಮಾವಶಿಗೆ ಕೊಟ್ಟರು. ಒಂದು ತುಂಡು ಉಳಿಯಿತು.

"ಬಾ ತಂಗೀ. ನಿಂದು."

ನಾನು ಕೈ ಚಾಚಿದೆ. ಹೊನ್ನಪ್ಪ ಮಾಮ ಎಲೆ ಕೊಡಲಿಲ್ಲ.

"ಮೊದ್ಲು ಕೇಳು. ನೀ ಗೋವಾಕ್ಕೆ ಹೋಗ್ತೆ ಹೇಳಿ ಸಾವಿತ್ರಿ ಹೇಳ್ತು. ಹೋಗೂದು ತಪ್ಪಲ್ಲ. ಆದ್ರೆ ನಮ್ಮಲ್ಲಿ ಒಂದು ಪದ್ಧತಿ ಅದೆ. ಒಂದಿನ ಬಂದು ಕೈ ಕೊಟ್ಟು ಹೋಗುವವ್ರಿಗೆ ನಾವು ಮೀನು ಕೊಡ್ತೇವೆ, ಅದು ಖುಷಿಗೆ. ಪಾಲು ಹೇಳಿ ಕೊಟ್ಟದ್ದನ್ನು ತಗೊಂಡವ್ರು ಮತ್ತೆ ಹಗ್ಗಕ್ಕೆ ಬರ್ಬೇಕು. ಬರೂಕಾಗದವ್ರು ಮುಟ್ಟೂದಿಲ್ಲ."

"ಇದು ಖುಷಿಗೋ ಪಾಲೋ ಮಾಮಾ?"

"ಅದು ನೀನೇ ಹೇಳ್ಬೇಕು."

ಇಪ್ಪತ್ತೊಂದು ಜನ ತಿನ್ನುವುದು ನಿಲ್ಲಿಸಿ ನನ್ನನ್ನು ನೋಡುತ್ತಿದ್ದರು. ಮಾವಶಿ ಮಾತ್ರ ನೋಡಲಿಲ್ಲ, ಖಾಲಿ ತಟ್ಟೆಯನ್ನು ಬೆರಳಿನಿಂದ ಒರೆಸುತ್ತಿದ್ದಳು. ಕೊಟ್ಟಿಗೆಯಲ್ಲಿ ಕೆಂಪಿ ಕರುವನ್ನು ನೆಕ್ಕುವ ಸದ್ದು ಕೇಳುತ್ತಿತ್ತು.

"ಪಾಲು," ಅಂದೆ.

ಅವರು ಎಲೆ ಕೊಟ್ಟರು. ಗಿಣ್ಣಿಗೆ ಬೆಲ್ಲ ಸ್ವಲ್ಪ ಹೆಚ್ಚಾಗಿತ್ತು. ಕೂತು ಪೂರ್ತಿ ತಿಂದೆ. ಕೈ ತೊಳೆದು ಹೊರಡುವಾಗ ಹೊನ್ನಪ್ಪ ಮಾಮ ಕೇಳಿದರು.

"ನಾಳೆ ಎಷ್ಟೊತ್ತಿಗೆ ಬರ್ತೆ?"

"ಎಂಟಕ್ಕೆ."

"ರಂಪಣಿ ಆರೂವರೆಗೆ ಎಳೆಯೂಕೆ ಶುರು," ಅಂದರು.

ಆರೂವರೆಗೆ ಹೋದೆ.